ಆಲ್ಟರ್ನೇಟರ್ ಬದಲಿಸುವ ಮುನ್ನ ನಾನು ಅಳೆದದ್ದು

ನನ್ನ ಹಳೇ ಕಾರಿಗೆ ಮೊದಲಿನಿಂದ ಇದ್ದದ್ದು 35 ಆಂಪಿಯರ್ ಆಲ್ಟರ್ನೇಟರ್, ಅಂದರೆ ಇಂಜಿನ್ ಬೆಲ್ಟಿನಿಂದ ತಿರುಗಿ ಕರೆಂಟ್ ಹುಟ್ಟಿಸುವ ಯಂತ್ರ. ಆ ಕಾಲದ ಬೇಡಿಕೆಗೆ ಅದು ಧಾರಾಳ. ಆಮೇಲೆ ಹ್ಯಾಲೊಜೆನ್ ಹೆಡ್‌ಲೈಟ್ ಬಂತು, ರೇಡಿಯೇಟರ್‌ಗೆ ಎಲೆಕ್ಟ್ರಿಕ್ ಫ್ಯಾನ್ ಬಂತು. ಮಳೆಗಾಲದ ರಾತ್ರಿ ಎಲ್ಲವೂ ಒಟ್ಟಿಗೆ ಓಡಿದಾಗ ಲೆಕ್ಕ ಹಾಕಿ ನೋಡಿ: ಹೆಡ್‌ಲೈಟ್ 9 ಆಂಪಿಯರ್, ಸಣ್ಣ ಬಲ್ಬುಗಳು 3, ಇಗ್ನಿಷನ್ 4, ವೈಪರ್ 4, ಬ್ಲೋವರ್ 8, ಫ್ಯಾನ್ 15. ಒಟ್ಟು 43. ಅದರ ಮೇಲೆ ಬ್ಯಾಟರಿ ಬೇರೆ ಚಾರ್ಜ್ ಆಗಬೇಕು. 35 ಎಂಬುದೂ ಇಂಜಿನ್ ಜೋರಾಗಿ ತಿರುಗುವಾಗಿನ ಮಾತು. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ಮನೆ ಓಡುವಾಗ, ಅದರ ಅರ್ಧ ಸಿಕ್ಕರೆ ಹೆಚ್ಚು.

ಹಾಗಾಗಿ ದೊಡ್ಡದು ಬೇಕು ಅನ್ನೋದರಲ್ಲಿ ಅನುಮಾನ ಇರಲಿಲ್ಲ. ಆದರೂ ಹಳೇ ವೈರಿಂಗ್ ಹೇಗಿದೆ ಅಂತ ಅಳೆಯದೆ ಸ್ಪ್ಯಾನರ್ ಎತ್ತಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ತುಕ್ಕು ಹಿಡಿದ ಜಾಯಿಂಟಿನ ಮೂಲಕ ಹೆಚ್ಚು ಕರೆಂಟ್ ಹರಿಸಿದರೆ ಹೆಚ್ಚೋದು ಬಿಸಿ ಮಾತ್ರ.

ಮೊದಲು ಬ್ಯಾಟರಿ. ರಾತ್ರಿಯಿಡೀ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ತೋರಿಸಿತು, ಅಂದರೆ ಪೂರ್ತಿ ಚಾರ್ಜ್ ಇದೆ. 12.0 ಹತ್ತಿರ ಇದ್ದಿದ್ದರೆ ಹೊರಗಿನ ಚಾರ್ಜರ್‌ನಿಂದ ತುಂಬಿಸಿಕೊಂಡೇ ಮುಂದುವರಿಯಬೇಕಿತ್ತು. ಸತ್ತ ಬ್ಯಾಟರಿ ಇಟ್ಟುಕೊಂಡು ತೆಗೆದ ಯಾವ ಅಳತೆಯೂ ನಂಬೋದಕ್ಕಾಗಲ್ಲ.

ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ, ಸುಮಾರು 2000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಸುತ್ತು) ಓಡಿಸುತ್ತಾ ಇಟ್ಟು, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿದೆ. ಲೋಡ್ ಸುಮಾರು 25 ಆಂಪಿಯರ್. ಆಲ್ಟರ್ನೇಟರ್‌ನ ಔಟ್‌ಪುಟ್ ಬೋಲ್ಟಿಗೂ ಅದರ ಬಾಡಿಗೂ ಮೀಟರ್ ಹಿಡಿದರೆ 14.2 ವೋಲ್ಟ್. ಅದೇ ಹೊತ್ತಿಗೆ ಬ್ಯಾಟರಿಯ ಕಂಬಗಳ ಮೇಲೆ 12.7. ನಡುವೆ ಒಂದೂವರೆ ವೋಲ್ಟ್ ಎಲ್ಲೋ ಸೋರುತ್ತಿದೆ. ಮೀಟರಿನ ವೈರಿನ ತುದಿಯ ಒಂದು ಮುಳ್ಳು ಆಲ್ಟರ್ನೇಟರ್ ಔಟ್‌ಪುಟ್‌ಗೆ, ಇನ್ನೊಂದು ಬ್ಯಾಟರಿ ಪಾಸಿಟಿವ್‌ಗೆ ಇಟ್ಟೆ: 0.9. ಆಲ್ಟರ್ನೇಟರ್ ಬಾಡಿಯಿಂದ ಬ್ಯಾಟರಿ ನೆಗೆಟಿವ್‌ಗೆ: 0.6. ಲೆಕ್ಕ ಸರಿಹೋಯಿತು. ಪಾಸಿಟಿವ್ ಕಡೆ 0.3ರ ಒಳಗೆ, ಅರ್ತ್ (ನೆಗೆಟಿವ್) ಕಡೆ 0.2ರ ಒಳಗೆ ಇರಬೇಕಾದದ್ದು ಇದು.

ಈ ಪರೀಕ್ಷೆಯನ್ನು ಮೀಟರಿನ ಓಮ್ ರೇಂಜ್‌ನಲ್ಲಿ (ತಡೆ ಅಳೆಯುವ ಸೆಟ್ಟಿಂಗ್) ಮಾಡಿದರೆ ಏನೂ ಸಿಗೋದಿಲ್ಲ. 25 ಆಂಪಿಯರ್‌ಗೆ 0.9 ವೋಲ್ಟ್ ಅಂದರೆ 0.036 ಓಮ್. ಮಾಮೂಲಿ ಮೀಟರಿನ ವೈರುಗಳದ್ದೇ ಅದಕ್ಕಿಂತ ಜಾಸ್ತಿ ಇರುತ್ತದೆ, 'ಕಂಟಿನ್ಯುಯಿಟಿ ಇದೆ' ಅಂತ ಬೀಪ್ ಹೊಡೆದು ಸುಮ್ಮನಾಗುತ್ತದೆ. ಆದರೆ ಅಷ್ಟೇ ತಡೆ 22 ವ್ಯಾಟ್ ಬಿಸಿ ಹುಟ್ಟಿಸುತ್ತಿರುತ್ತದೆ. ಕರೆಂಟ್ ಹರಿಯುವಾಗ ವೋಲ್ಟೇಜ್ ಅಳೆದರೆ ಮಾತ್ರ ರೋಗ ಕಾಣೋದು.

ಮುಳ್ಳನ್ನು ಒಂದೊಂದೇ ಜಾಯಿಂಟಿಗೆ ಸರಿಸುತ್ತಾ ಹೋದೆ. ಇಂಜಿನ್‌ಗೂ ಡ್ಯಾಶ್‌ಬೋರ್ಡ್‌ಗೂ ನಡುವಿನ ತಗಡಿನ ಗೋಡೆಯಲ್ಲಿರುವ ಕನೆಕ್ಟರ್ ದಾಟುವಾಗಲೇ 0.7 ಬಿದ್ದುಹೋಗುತ್ತಿತ್ತು. ಇಂಜಿನ್ ನಿಲ್ಲಿಸಿ, ಬ್ಯಾಟರಿ ನೆಗೆಟಿವ್ ಕಳಚಿ, ಅದನ್ನು ಬಿಚ್ಚಿ ನೋಡಿದರೆ ದಪ್ಪ ವೈರಿನ ಪಿನ್ ಮಾತ್ರ ಕಂದುಗಟ್ಟಿದೆ, ಸುತ್ತಲಿನ ಪ್ಲಾಸ್ಟಿಕ್ ಕರಗಿ ಒಂದು ಕಡೆ ವಾಲಿದೆ. ಉಳಿದ ಪಿನ್‌ಗಳೆಲ್ಲ ಹೊಳೆಯುತ್ತಿದ್ದವು. ಅರ್ತ್ ಕಡೆ, ಇಂಜಿನ್‌ನಿಂದ ಕಾರಿನ ಬಾಡಿಯತ್ತ ಹೋಗುವ ಹೆಣೆದ ಪಟ್ಟಿಯ ತುದಿಯ ಲಗ್ ಕೆಳಗೆ ಬಣ್ಣ, ಎಣ್ಣೆ, ತುಕ್ಕು ಮೂರೂ ಇತ್ತು. ಬರೀ ಲೋಹ ಕಾಣುವವರೆಗೆ ಉಜ್ಜಿ, ಹೊಸ ಪಟ್ಟಿ ಬಿಗಿದು, ಮೇಲೆ ಗ್ರೀಸ್ ಸವರಿದೆ. ಅರ್ತ್ ಕಡೆ 0.6 ಇದ್ದದ್ದು 0.1ಕ್ಕೆ ಇಳಿಯಿತು. ಲೈಟ್ ಹಾಕಿದಾಗಲೆಲ್ಲ ಟೆಂಪರೇಚರ್ ಮುಳ್ಳು ಏರುತ್ತಿದ್ದದ್ದೂ ಅಲ್ಲಿಗೇ ನಿಂತಿತು.

ಇದಾದ ಮೇಲೆ ಆಲ್ಟರ್ನೇಟರ್. ವೋಲ್ಟೇಜ್ ಮಿತಿಯಲ್ಲಿಡುವ ರೆಗ್ಯುಲೇಟರ್ ಒಳಗೇ ಇರುವ 65 ಆಂಪಿಯರ್‌ದು ಆರಿಸಿದೆ. ಇನ್ನೂ ದೊಡ್ಡದು ಸಿಗುತ್ತದೆ, ಆದರೆ ಒಂದೇ ವಿ-ಬೆಲ್ಟ್ ಅದನ್ನು ಜಾರದೆ ಎಳೆಯೋದು ಕಷ್ಟ. ದಯವಿಟ್ಟು ಗರಿಷ್ಠ ಆಂಪಿಯರ್ ಒಂದನ್ನೇ ನೋಡಬೇಡಿ, ಕಡಿಮೆ ವೇಗದಲ್ಲಿ ಎಷ್ಟು ಕೊಡುತ್ತದೆ ಅಂತ ಕೇಳಿ. ಇಂಜಿನ್‌ನ ಕ್ರ್ಯಾಂಕ್ ಪುಲ್ಲಿ 14 ಸೆಂ.ಮೀ., ಆಲ್ಟರ್ನೇಟರ್ ಪುಲ್ಲಿ 7 ಸೆಂ.ಮೀ. ಇದ್ದರೆ 800 ಆರ್‌ಪಿಎಂ ಐಡಲ್‌ನಲ್ಲಿ ಅದು ತಿರುಗೋದು 1600. ಟ್ರಾಫಿಕ್‌ನಲ್ಲಿ ಬೇಕಾದದ್ದು ಆ ವೇಗದಲ್ಲಿ ಬರುವ ಕರೆಂಟ್. ಪುಲ್ಲಿಗಳು ಒಂದೇ ಗೆರೆಯಲ್ಲಿ ಬರುವ ಹಾಗೆ ವಾಷರ್ ಹಾಕಿ ಹೊಂದಿಸಿದೆ. ಉದ್ದದ ಸ್ಕೇಲ್ ಒಂದನ್ನು ಎರಡೂ ಪುಲ್ಲಿಗಳ ಮುಖಕ್ಕೆ ಒತ್ತಿ ನೋಡಿದರೆ ವಾಲಿದ್ದು ತಕ್ಷಣ ಗೊತ್ತಾಗುತ್ತದೆ.

ಔಟ್‌ಪುಟ್‌ನಿಂದ ಬ್ಯಾಟರಿಗೆ ನೇರವಾಗಿ 16 ಚದರ ಮಿ.ಮೀ. ಕೇಬಲ್ ಎಳೆದು, ಬ್ಯಾಟರಿ ಪಕ್ಕದಲ್ಲೇ 80 ಆಂಪಿಯರ್ ಫ್ಯೂಸ್ ಹಾಕಿದೆ. ಫ್ಯೂಸ್ ಬ್ಯಾಟರಿ ಕಡೆಯೇ ಇರಬೇಕು, ಯಾಕೆಂದರೆ ಕೇಬಲ್ ಉಜ್ಜಿ ಶಾರ್ಟ್ ಆದರೆ ನೂರಾರು ಆಂಪಿಯರ್ ಬರೋದು ಅಲ್ಲಿಂದ.

ಆಮೀಟರ್ (ಎಷ್ಟು ಕರೆಂಟ್ ಹರಿಯುತ್ತಿದೆ ಅಂತ ತೋರಿಸುವ ಮೀಟರ್) ಇರುವ ಕಾರುಗಳವರು ಇಲ್ಲಿ ಎಚ್ಚರ ವಹಿಸಬೇಕು. ಚಾರ್ಜಿಂಗ್ ಕರೆಂಟ್ ಪೂರ್ತಿ ಡ್ಯಾಶ್‌ಬೋರ್ಡಿನ ಹಿಂದೆ ಆ ಮೀಟರಿನ ಒಳಗಿಂದಲೇ ಹಾದುಹೋಗುತ್ತದೆ. 30 ಆಂಪಿಯರ್‌ಗೆ ಮಾಡಿದ ಮೀಟರಿಗೆ 65 ಕೊಡೋದು ಬೆಂಕಿಗೆ ದಾರಿ. ನಾನು ಅದರ ಎರಡು ವೈರುಗಳನ್ನೂ ಒಂದೇ ಬೋಲ್ಟಿಗೆ ಬಿಗಿದು ಇನ್ಸುಲೇಟ್ ಮಾಡಿ, ಆ ಜಾಗಕ್ಕೆ ವೋಲ್ಟ್‌ಮೀಟರ್ ಕೂರಿಸಿದೆ. ಹೆಡ್‌ಲೈಟ್ ಮತ್ತು ಫ್ಯಾನನ್ನು ರಿಲೇಗಳ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) ಮೂಲಕ ಬ್ಯಾಟರಿಯಿಂದಲೇ ಕೊಟ್ಟೆ. ಹಾಗಾಗಿ ಕರಗಿದ್ದ ಕನೆಕ್ಟರ್ ಬದಲಿಸಿದ ಮೇಲೆ ಅದರ ಮೇಲಿನ ಭಾರವೂ ಇಳಿಯಿತು.

ಆಮೀಟರ್ ಇದ್ದ ನನ್ನ ಕಾರಿನಲ್ಲಿ ಚಾರ್ಜಿಂಗ್ ಲೈಟೇ ಇರಲಿಲ್ಲ. ಇಂಥ ಆಲ್ಟರ್ನೇಟರ್‌ಗಳಿಗೆ ಆ ಬಲ್ಬ್ ಬೇಕೇ ಬೇಕು: ಚಾರ್ಜಿಂಗ್ ಶುರುವಾಗಲು ಒಳಗೆ ತಿರುಗುವ ರೋಟರ್‌ಗೆ ಬೇಕಾದ ಮೊದಲ ಕರೆಂಟ್ ಅದರ ಮೂಲಕವೇ ಹೋಗುತ್ತದೆ. ಇಗ್ನಿಷನ್ ಸ್ವಿಚ್‌ನಿಂದ 2.2 ವ್ಯಾಟ್ ಬಲ್ಬ್ ಕೊಟ್ಟೆ. ಎಲ್‌ಇಡಿ ಹಾಕಿದರೆ ಸಾಕಾಗುವಷ್ಟು ಕರೆಂಟ್ ಹೋಗೋದಿಲ್ಲ. ಆಕ್ಸಿಲರೇಟರ್ ಜೋರಾಗಿ ಒತ್ತುವವರೆಗೂ ಚಾರ್ಜಿಂಗ್ ಶುರುವಾಗದೇ ಇರಬಹುದು.

ಡೈನಮೊ (ಹಳೇ ಕಾಲದ ಜನರೇಟರ್) ತೆಗೆದು ಆಲ್ಟರ್ನೇಟರ್ ಹಾಕುವವರು ಪಾಸಿಟಿವ್ ಅರ್ತ್ ಕಾರಾ, ಅಂದರೆ ಬ್ಯಾಟರಿಯ ಪಾಸಿಟಿವ್ ಕಾರಿನ ಬಾಡಿಗೇ ಸೇರಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ಉಲ್ಟಾ ಕೊಟ್ಟರೆ ಆಲ್ಟರ್ನೇಟರ್ ಒಳಗಿನ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್‌ಗಳು ಅಲ್ಲೇ ಸುಟ್ಟುಹೋಗುತ್ತವೆ. ಇಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು 'ಚಾರ್ಜ್ ಆಗುತ್ತಾ' ಅಂತ ನೋಡುವ ಹಳೇ ಅಭ್ಯಾಸವನ್ನಂತೂ ಬಿಟ್ಟೇಬಿಡಿ. ಹಿಡಿದಿಡುವ ಬ್ಯಾಟರಿ ಇಲ್ಲದೆ ವೋಲ್ಟೇಜ್ ಒಮ್ಮೆಲೇ ಚಿಮ್ಮಿ ರೆಗ್ಯುಲೇಟರ್ ಹೋಗುತ್ತದೆ.

ಇಷ್ಟಾದರೂ ಕಾರು ಕೆಲವು ದಿನ ನಿಂತರೆ ಬ್ಯಾಟರಿ ಇಳಿಯುತ್ತಿತ್ತು. ಎಲ್ಲ ಆಫ್ ಮಾಡಿ, ನೆಗೆಟಿವ್ ಕೇಬಲ್ ಕಳಚಿ, ಮೀಟರನ್ನು 10 ಆಂಪಿಯರ್ ರೇಂಜ್‌ನಲ್ಲಿ ನಡುವೆ ಸೇರಿಸಿದೆ: 0.42 ಆಂಪಿಯರ್. ಕಂಪ್ಯೂಟರ್ ಇಲ್ಲದ ಕಾರಿನಲ್ಲಿ ಗಡಿಯಾರ ಬಿಟ್ಟರೆ ಏನೂ ಎಳೆಯಬಾರದು. ದಿನಕ್ಕೆ 10 ಆಂಪಿಯರ್ ಅವರ್ ಹೋದರೆ 45ರ ಬ್ಯಾಟರಿ ನಾಲ್ಕೇ ದಿನಕ್ಕೆ ಖಾಲಿ. ಮೊದಲು ಆಲ್ಟರ್ನೇಟರ್ ವೈರ್ ಬಿಚ್ಚಿದೆ, ಏನೂ ಬದಲಾಗಲಿಲ್ಲ, ಅಂದರೆ ಡಯೋಡ್ ಸೋರುತ್ತಿಲ್ಲ. ಫ್ಯೂಸ್‌ಗಳನ್ನು ಒಂದೊಂದಾಗಿ ಎಳೆದಾಗ ಒಳಗಿನ ಲೈಟುಗಳ ಫ್ಯೂಸ್‌ಗೆ ಸೊನ್ನೆಗೆ ಬಂತು. 0.42 ಅಂದರೆ 5 ವ್ಯಾಟ್, ಒಂದು ಸಣ್ಣ ಬಲ್ಬ್. ಡಿಕ್ಕಿ ಮುಚ್ಚಿದರೂ ಅದರೊಳಗಿನ ಲೈಟಿನ ಸ್ವಿಚ್ ಒತ್ತಿಕೊಳ್ಳುತ್ತಿರಲಿಲ್ಲ. ಬ್ರಾಕೆಟ್ ಅರ್ಧ ಸೆಂಟಿಮೀಟರ್ ಬಗ್ಗಿಸಿದ್ದೇ ಸರಿಹೋಯಿತು.

ಈಗ ಎಲ್ಲ ಲೋಡ್ ಹಾಕಿ 2000 ಆರ್‌ಪಿಎಂನಲ್ಲಿ ಬ್ಯಾಟರಿ ಮೇಲೆ 13.9 ಇರುತ್ತದೆ. ಫ್ಯಾನ್ ಓಡುತ್ತಾ ಐಡಲ್‌ಗೆ ಬಂದಾಗ 12.8ಕ್ಕೆ ಇಳಿಯುವುದುಂಟು. ಅದಕ್ಕೆ ಚಿಕ್ಕ ಪುಲ್ಲಿ ಹಾಕಬಹುದು, ಆದರೆ ಹೈವೇಯಲ್ಲಿ ಆಲ್ಟರ್ನೇಟರ್ ಎಷ್ಟು ವೇಗ ತಡೆಯುತ್ತದೆ ಅಂತ ಲೆಕ್ಕ ಹಾಕಿಕೊಂಡೇ ಆ ಕೆಲಸಕ್ಕೆ ಇಳಿಯುತ್ತೇನೆ.