ಬಟವಾಡೆಯ ದಿನ ಬಾರದ ಒಟಿಪಿ

ಮೂಡಿಗೆರೆಯ ಹತ್ತಿರ ನಮ್ಮ ಕಾಫಿ ತೋಟ. ಶನಿವಾರ ಕೆಲಸದವರ ಬಟವಾಡೆ; ನಾವು ಎಲ್ಲಿದ್ದರೂ ಅದು ತಪ್ಪಬಾರದು. ಮಗಳನ್ನು ನೋಡಲು ಮೊದಲ ಸಲ ಜರ್ಮನಿಗೆ ಹೋದಾಗ ಅದು ತಪ್ಪುವುದರಲ್ಲಿತ್ತು.

ಅಲ್ಲಿ ಇಳಿದ ಮರುದಿನ ಪಾಸ್‌ಪೋರ್ಟ್ ತೋರಿಸಿ ಪ್ರಿಪೇಯ್ಡ್ ಸಿಮ್ ಕೊಂಡೆವು. ನನ್ನ ಫೋನಿನಲ್ಲಿ ಒಂದೇ ಸಿಮ್‌ಗೆ ಜಾಗ. ಊರಿನ ಸಿಮ್ಮನ್ನು ಕಾಗದದಲ್ಲಿ ಸುತ್ತಿ ಕುಂಕುಮದ ಭರಣಿಯೊಳಗೆ ಇಟ್ಟೆ. ಶನಿವಾರ ತೋಟದ ಲೆಕ್ಕ ನೋಡುವ ರೈಟರ್ ಖಾತೆಗೆ ಹಣ ಹಾಕಲು ಹೋದರೆ ಬ್ಯಾಂಕು ಒಟಿಪಿ ಕೇಳಿತು. ಕಿವಿಯೋಲೆಯ ಕಡ್ಡಿಯಿಂದ ಫೋನಿನ ಸಣ್ಣ ತೂತನ್ನು ಒತ್ತಿ ಸಿಮ್ ಟ್ರೇ ಎಳೆದು, ಊರಿನ ಸಿಮ್ ಹಾಕಿ ಕಾದೆ. ಸಿಗ್ನಲ್ಲೇ ಇಲ್ಲ. ಹೊರಡುವ ಮೊದಲು ಅಂತಾರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಬೇಕಿತ್ತು, ನನಗೆ ಗೊತ್ತಿರಲಿಲ್ಲ. ಆ ದಿನ ರೈಟರ್ ಪಕ್ಕದ ತೋಟದಿಂದ ಕೈಗಡ ತಂದು ಕೂಲಿ ಕೊಟ್ಟರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡನೆಯ ಸಲ ಎಲ್ಲವನ್ನೂ ಮನೆಯಲ್ಲೇ ಮುಗಿಸಿಕೊಂಡು ಹೊರಟೆ. ಫೋನ್ ಹೊಸದು. *#06# ಒತ್ತಿದಾಗ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಜೊತೆಗೆ ಇಐಡಿ ಎಂಬ 32 ಅಂಕಿಗಳ ಸಂಖ್ಯೆಯೂ ಕಂಡಿತು. ಅದಿದ್ದರೆ ಫೋನಿನಲ್ಲಿ ಇ-ಸಿಮ್, ಅಂದರೆ ಕಾರ್ಡಿಲ್ಲದೆ ಫೋನಿನೊಳಗೇ ಸೇರಿಸುವ ಸಿಮ್, ನಡೆಯುತ್ತದೆ. ಇ-ಸಿಮ್ಮಿನ ಪ್ಯಾಕ್ ಕೊಳ್ಳುವಾಗ ಅದು ನಡೆಯುವ ದೇಶಗಳ ಪಟ್ಟಿಯನ್ನು ಒಂದೊಂದಾಗಿ ಓದಿದೆ. ಯುರೋಪಿಯನ್ ಒಕ್ಕೂಟದೊಳಗೆ ಒಂದು ದೇಶದ ಸಿಮ್ ಇನ್ನೊಂದರಲ್ಲಿ ಹೆಚ್ಚುವರಿ ಶುಲ್ಕವಿಲ್ಲದೆ ನಡೆಯುವುದು 2017ರ ಜೂನ್ 15ರಿಂದ ನಿಯಮ, ಆದರೆ ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ. ಹಿಂದಿನ ಸಲ ಅಲ್ಲಿಯ ಬಾಸೆಲ್ ನಿಲ್ದಾಣದಲ್ಲಿ ಇಂಟರ್‌ನೆಟ್ ನಿಂತಾಗಲೇ ಅದು ತಿಳಿದದ್ದು. ಈ ಸಲ ಸ್ವಿಟ್ಜರ್ಲೆಂಡ್ ಸೇರಿದ್ದ ಪ್ಯಾಕನ್ನೇ ತೆಗೆದುಕೊಂಡೆ.

ಇ-ಸಿಮ್ ಸೇರಿಸಲು ಸ್ಕ್ಯಾನ್ ಮಾಡಬೇಕಾದ ಕ್ಯೂಆರ್ ಕೋಡ್ ನನ್ನ ಫೋನಿಗೇ ಇಮೇಲಿನಲ್ಲಿ ಬಂತು. ಆ ಫೋನಿನ ಕ್ಯಾಮೆರಾ ತನ್ನದೇ ಪರದೆಯನ್ನು ನೋಡುವುದು ಹೇಗೆ? ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಅಂಗಡಿಯೊಂದರಲ್ಲಿ ಪ್ರಿಂಟ್ ತೆಗೆಸಿ, ಮನೆಯ ವೈಫೈಯಲ್ಲಿ ಸ್ಕ್ಯಾನ್ ಮಾಡಿದೆ. ಹೆಚ್ಚಿನ ಕೋಡುಗಳು ಒಂದೇ ಸಲ ಕೆಲಸ ಮಾಡುತ್ತವೆ. ಹಾಗಾಗಿ ಸೇರಿಸಿದ ಇ-ಸಿಮ್ಮನ್ನು ಊರಿಗೆ ಮರಳುವವರೆಗೂ ಅಳಿಸಬಾರದು.

ಊರಿನ ಸಿಮ್ ಟ್ರೇಯಲ್ಲೇ ಉಳಿಯಿತು. ಅದಕ್ಕೆ ರೋಮಿಂಗ್ ಚಾಲೂ ಮಾಡಿಸಿ, ವ್ಯಾಲಿಡಿಟಿ ಮರಳುವ ದಿನದಾಚೆಗೂ ಇರುವಂತೆ ರೀಚಾರ್ಜ್ ಮಾಡಿಸಿದೆ. ಫೋನಿನ ಸೆಟ್ಟಿಂಗ್‌ನಲ್ಲಿ ಅದರ ಡೇಟಾ ರೋಮಿಂಗ್ ಮಾತ್ರ ಬಂದ್. ಇಂಟರ್‌ನೆಟ್ ಪೂರ್ತಿ ಇ-ಸಿಮ್ಮಿನದು. ಊರಿನ ಸಂಖ್ಯೆಗೆ ಕರೆ ಬಂದರೆ ಎತ್ತಲಿಲ್ಲ, ಎತ್ತಿದರೆ ದುಡ್ಡು ಹೋಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ತಿರುಗಿ ಮಾಡುತ್ತಿದ್ದೆ. ನನ್ನ ಇ-ಸಿಮ್ಮಿಗೆ ಫೋನ್ ನಂಬರೇ ಇರಲಿಲ್ಲ, ಬರೀ ಡೇಟಾ. ವಾಟ್ಸ್ಆ್ಯಪ್ ಹಳೆಯ ಸಂಖ್ಯೆಯಲ್ಲೇ ನಡೆಯಿತು.

ಏಪ್ರಿಲ್‌ನ ಮೊದಲ ಶನಿವಾರ ಬಾಸೆಲ್‌ಗೆ ಹೋಗುವ ರೈಲಿನಲ್ಲಿ ಕೂತೇ ಹಣ ಕಳಿಸಿದೆ. ಒಟಿಪಿ ಬಂದಾಗ ಮಗಳ ಕೈ ಹಿಡಿದು ತೋರಿಸಿದೆ. ಸ್ವಲ್ಪ ಹೊತ್ತಿಗೆ ರೈಟರ್ ಸಂದೇಶವೂ ಬಂತು, ಕಾಫಿ ಹೂ ಅರಳಿಸುವ ಮಳೆಯ ಸುದ್ದಿಯೂ ಅದರಲ್ಲಿತ್ತು (ತೋಟದ ಲೆಕ್ಕದಲ್ಲಿ ನೂರು ಸೆಂಟು ಮಳೆಯೆಂದರೆ ಒಂದು ಇಂಚು): ‘ಅಮ್ಮಾ, ಬಟವಾಡೆ ಆಯಿತು. ರಾತ್ರಿ ಎಂಬತ್ತು ಸೆಂಟು ಹೂಮಳೆ ಬಿದ್ದಿದೆ.’