ಕತ್ತು ನೋವು: ಒತ್ತುವುದನ್ನು ಕಡಿಮೆ ಮಾಡಿದ ಮೇಲೆ

ಫಿಸಿಯೋಥೆರಪಿ ವೃತ್ತಿಗೆ ಬಂದ ಹೊಸತರಲ್ಲಿ, ಕತ್ತು ನೋವೆಂದು ಬಂದವರಿಗೆ ಶಾಖ ಕೊಟ್ಟು, ಭುಜದ ಮೇಲಿನ ಬಿಗಿದ ಸ್ನಾಯುಗಳನ್ನು ಒತ್ತಿ ಸಡಿಲಿಸಿ ಕಳುಹಿಸುತ್ತಿದ್ದೆ. ಹಗುರವಾಯಿತೆಂದು ಹೋದವರು ಮೂರನೆಯ ದಿನ ಅದೇ ನೋವಿನೊಂದಿಗೆ ಮರಳುತ್ತಿದ್ದರು. ಎಷ್ಟೋ ಜನರಲ್ಲಿ ಆ ಬಿಗಿತವು, ಕತ್ತಿನ ಆಳದ ಸಣ್ಣ ಸ್ನಾಯುಗಳು ಸರಿಯಾಗಿ ಮಾಡದ ಕೆಲಸವನ್ನು ಮೇಲಿನ ದೊಡ್ಡ ಸ್ನಾಯುಗಳು ಹೊತ್ತುಕೊಂಡದ್ದರ ಗುರುತು ಎಂಬುದು ನನಗೆ ತಡವಾಗಿ ಅರ್ಥವಾಯಿತು.

ಈಗ ಪರೀಕ್ಷೆಗೇ ಹೆಚ್ಚು ಹೊತ್ತು ಕೊಡುತ್ತೇನೆ. ಕೈಬೆರಳುಗಳು ಗುಂಡಿ ಹಾಕಲು ತಡವರಿಸುತ್ತಿವೆಯೇ, ನಡಿಗೆ ತಪ್ಪುತ್ತಿದೆಯೇ, ಜ್ವರವಿದೆಯೇ ಎಂದು ಮೊದಲು ಕೇಳುತ್ತೇನೆ. ಇವುಗಳಲ್ಲಿ ಒಂದಿದ್ದರೂ ಕತ್ತಿಗೆ ಕೈ ಹಚ್ಚದೆ ವೈದ್ಯರ ಬಳಿಗೆ ಕಳುಹಿಸುತ್ತೇನೆ. ತಲೆ ತಿರುಗಿಸುವ ಚಲನೆಯ ಸುಮಾರು ಅರ್ಧದಷ್ಟು ಕತ್ತಿನ ಮೊದಲ ಎರಡು ಮೂಳೆಗಳ ನಡುವೆಯೇ ನಡೆಯುವುದರಿಂದ, ಮಲಗಿದವರ ಕತ್ತನ್ನು ಪೂರ್ತಿ ಮುಂದಕ್ಕೆ ಬಾಗಿಸಿ ಹಿಡಿದು ತಿರುಗಿಸಿದಾಗ ತೊಡಕು ಅಲ್ಲಿದೆಯೇ, ಕೆಳಗಿದೆಯೇ ಎಂಬುದು ಕೈಗೆ ತಿಳಿಯುತ್ತದೆ. ತೊಡಕಿರುವ ಕೀಲನ್ನು ಮೆಲ್ಲಗೆ, ಲಯಬದ್ಧವಾಗಿ ಒತ್ತಿ ಸಡಿಲಿಸುತ್ತೇನೆ. ಕತ್ತನ್ನು ಥಟ್ಟನೆ ತಿರುಗಿಸಿ ಲಟಕ್ಕೆನಿಸುವುದನ್ನು ನಾನು ಮಾಡುವುದಿಲ್ಲ; ರಕ್ತನಾಳಕ್ಕೆ ಪೆಟ್ಟಾದೀತೆಂಬ ಭಯ. ಕತ್ತಿನ ರಕ್ತನಾಳಗಳ ವಿಷಯದಲ್ಲಿ ನನ್ನದು ಅಂಜುಬುರುಕ ಸ್ವಭಾವವೆಂದರೂ ಚಿಂತೆಯಿಲ್ಲ.

ನಿಜವಾದ ಕೆಲಸ, ಅಂದರೆ ಆ ಆಳದ ಸಣ್ಣ ಸ್ನಾಯುಗಳಿಗೆ ಅವುಗಳ ಕೆಲಸ ಕಲಿಸುವುದು, ಆರಂಭವಾಗುವುದು ಆಮೇಲೆ. ರೋಗಿಯನ್ನು ಅಂಗಾತ ಮಲಗಿಸಿ, ಕತ್ತಿನ ಹಿಂದೆ ಗಾಳಿ ತುಂಬುವ ಚಿಕ್ಕ ಚೀಲವಿಟ್ಟು, ಅದರ ಒತ್ತಡ ಮಾಪಕವನ್ನು ಪಾದರಸದ 20 ಮಿಲಿಮೀಟರಿಗೆ ನಿಲ್ಲಿಸುತ್ತೇನೆ. ತಲೆಯನ್ನು ಎತ್ತದೆ, ಹೌದೆಂದು ತಲೆದೂಗುವಷ್ಟೇ ಸಣ್ಣದಾಗಿ ಗದ್ದವನ್ನು ಕತ್ತಿನತ್ತ ಬಾಗಿಸಿ ಮುಳ್ಳನ್ನು 22ಕ್ಕೆ ತಂದು ಹತ್ತು ಸೆಕೆಂಡು ಹಿಡಿಯಬೇಕು; ಹೀಗೆ ಎರಡೆರಡೇ ಏರಿಸುತ್ತ 30ರವರೆಗೆ ಹೋಗಬೇಕು. ನೋಡಲು ಏನೂ ಅಲ್ಲ. ನಾನು ಮೊದಲ ಬಾರಿ ಪ್ರಯತ್ನಿಸಿದಾಗ 24 ದಾಟುವಷ್ಟರಲ್ಲಿ ಮುಳ್ಳು ನಡುಗತೊಡಗಿತು, ಕತ್ತಿನ ಎರಡೂ ಪಕ್ಕದ ಸ್ನಾಯುಗಳು ಹಗ್ಗದಂತೆ ಉಬ್ಬಿದವು. ದಿನವಿಡೀ ಬೇರೆಯವರ ಕತ್ತಿನ ಮೇಲೆ ಬಗ್ಗಿ ನಿಲ್ಲುವವನ ಕತ್ತೂ ಹಾಗೆಯೇ ಇತ್ತು.

ಮನೆಯಲ್ಲಿ ಚೀಲವಿರುವುದಿಲ್ಲ. ಮಡಿಸಿದ ಟವೆಲ್ಲಿನ ಮೇಲೆ ಕತ್ತನ್ನಿಟ್ಟು, ಎರಡು ಬೆರಳುಗಳನ್ನು ಕತ್ತಿನ ಪಕ್ಕದ ಸ್ನಾಯುಗಳ ಮೇಲಿಟ್ಟುಕೊಂಡು ಮಾಡಲು ಹೇಳುತ್ತೇನೆ. ಬೆರಳಡಿ ಸ್ನಾಯು ಗಟ್ಟಿಯಾದ ಕ್ಷಣವೇ ನಿಲ್ಲಿಸಿ, ಇನ್ನೂ ಸಣ್ಣದಾಗಿ ಮತ್ತೆ ಆರಂಭಿಸಬೇಕು. ಬೆನ್ನಿನ ಮೇಲ್ಭಾಗ ಬಿಗಿದವರಿಗೆ ಅದನ್ನೂ ಸಡಿಲಿಸುತ್ತೇನೆ. ಎರಡನೆಯ ಬಾರಿ ಬಂದವರನ್ನು ನೋವು ಹೇಗಿದೆಯೆಂದು ಕೇಳುವ ಮೊದಲು ಮಲಗಿಸಿ, ಗದ್ದ ಬಾಗಿಸಲು ಹೇಳಿ, ಆ ಸ್ನಾಯುಗಳ ಮೇಲೆ ನನ್ನ ಬೆರಳಿಟ್ಟು ನೋಡುತ್ತೇನೆ. ವ್ಯಾಯಾಮ ಮಾಡಿದ್ದಾರೋ ಇಲ್ಲವೋ ಎಂಬುದು ಅಲ್ಲೇ ತಿಳಿಯುತ್ತದೆ.