ಮ್ಯೂಸಿಕ್ ನಿಬ್ ನಾಲ್ಕೇ ಸಾಲಿಗೆ ಒಣಗುತ್ತಿದ್ದದ್ದು ಸರಿಹೋದ ಬಗೆ

ಜಪಾನಿನ ಕೈಕೆಲಸದ ಎಬೊನೈಟ್ (ಗಟ್ಟಿ ರಬ್ಬರ್) ಇಂಕ್ ಪೆನ್ನು, ಮೇಲೆ ಉರುಶಿ ಎಂಬ ಜಪಾನಿ ಮರದ ರಸದ ಲೇಪ. ಇದರ ಮ್ಯೂಸಿಕ್ ನಿಬ್ಬಿಗೆ (ಸಂಗೀತದ ಸ್ವರಲಿಪಿ ಬರೆಯಲೆಂದು ಬಂದ ಅಗಲ ನಿಬ್ಬು) ಮೂರು ಹಲ್ಲು, ಎರಡು ಸೀಳು. ಹಾಗಾಗಿ ಇಂಕು ಜಾಸ್ತಿ ಬೇಕು. ನನ್ನದು ನಾಲ್ಕು ಸಾಲು ಬರೆಯುವಷ್ಟರಲ್ಲಿ ಒಣಗುತ್ತಿತ್ತು. ಗೆರೆಯ ನಡುವೆ ಬಿಳಿ ಪಟ್ಟಿ.

ತಣ್ಣೀರಲ್ಲಿ ತೊಳೆದೆ. ಪಾತ್ರೆ ಸೋಪಿನ ಎರಡು ಹನಿ ಹಾಕಿಯೂ ತೊಳೆದೆ. ಮೂರು ಇಂಕು ಬದಲಿಸಿದೆ. ತೆಳು ಹಿತ್ತಾಳೆ ತಗಡಿನಿಂದ ಸೀಳು ಬಿಡಿಸಿದೆ. ಅದಂತೂ ಸುಮ್ನೆ ದಂಡ, ಚಿನ್ನದ ನಿಬ್ಬಿಗೆ ಅಪಾಯ ಕೂಡ.

ಕೊನೆಗೆ ನಿಬ್ಬನ್ನು ಬೆಳಕಿಗೆ ಅಡ್ಡ ಹಿಡಿದು ನೋಡಿದೆ. ನಿಬ್ಬಿಗೂ ಅದರಡಿ ಇಂಕು ತಲುಪಿಸುವ ಫೀಡಿಗೂ ನಡುವೆ ಕೂದಲೆಳೆಯಷ್ಟು ಸಂದು! ಎಬೊನೈಟ್ ಫೀಡ್ ಬಿಸಿಗೆ ಮೆದುವಾಗುತ್ತದೆ, ಆಗ ಅದನ್ನು ನಿಬ್ಬಿಗೆ ಒತ್ತಿ ಕೂರಿಸಬಹುದು. ಪ್ಲಾಸ್ಟಿಕ್ ಫೀಡಿಗೆ ಈ ಉಪಾಯ ಬೇಡ.

ನಿಬ್ಬು, ಫೀಡು ಎರಡನ್ನೂ ಹೊರಗೆಳೆದೆ. ಉರುಶಿ ಮೈಗೆ ಬಿಸಿನೀರು ತಾಗಲೇಬಾರದು. ಎರಡನ್ನೂ ಮೊದಲಿನಂತೆ ಜೋಡಿಸಿ, ಬುಡವನ್ನು ಬಟ್ಟೆಯಲ್ಲಿ ಹಿಡಿದು, ತುದಿಯನ್ನು ಸುಮಾರು 85 ಡಿಗ್ರಿ ನೀರಲ್ಲಿ 30 ಸೆಕೆಂಡ್ ಅದ್ದಿದೆ. ತೆಗೆದ ತಕ್ಷಣ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಫೀಡನ್ನು ನಿಬ್ಬಿಗೆ ಒತ್ತಿದೆ. 20 ಎಣಿಸಿ, ಒತ್ತಿಕೊಂಡೇ ತಣ್ಣೀರಿಗೆ ಇಳಿಸಿದೆ. ಪೂರ್ತಿ ತಣಿದ ಮೇಲೆಯೇ ಬೆರಳು ಸಡಿಲಿಸಿದ್ದು. ಮೆಲ್ಲಗೆ ಒತ್ತಿದರೆ ಸಾಕು, ಜೋರಾದರೆ ಹಲ್ಲು ಅಗಲವಾಗುತ್ತದೆ.

ಮೂರನೇ ಸಲಕ್ಕೆ ಬೆಳಕು ನುಸುಳುವುದು ನಿಂತಿತು. ಈಗ ಇಡೀ ಪುಟ ತಡೆಯಿಲ್ಲದೆ ಬರೆಯುತ್ತದೆ.